ಬರೋಬರಿ ಕಾಯ್ದೆ ಮತ್ತು ಹನ್ನೊಂದು ತೆಂಗಿನಕಾಯಿ

ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಮಾಮಾ ತಮ್ಮ ಹೆಂಡತಿಯನ್ನು ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗಿದರು. ಅನಾಹುತ ಶುರುವಾದದ್ದು ಆಗ. ವೇಳೆಯನ್ನು ಅಂದಾಜಿನಿಂದ ಹೇಳುತ್ತಿಲ್ಲ. ಕಾಟಾದ ಯಂತ್ರ ಚೀಟಿಯ ಮೇಲೆ ವೇಳೆಯನ್ನೂ ಅಚ್ಚು ಮಾಡುತ್ತದೆ, ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಸರಕಿನ ಹೆಸರು ಇರಬೇಕಾದಲ್ಲಿ ‘ಭತ್ತ’ ಎಂದಿದೆ. ಯಂತ್ರಕ್ಕೆ ಬೇರೆ ಪದ ಗೊತ್ತಿಲ್ಲ.

ನಮ್ಮ ಮಾಮಾನಷ್ಟು ನ್ಯಾಯವಂತ ಮನುಷ್ಯ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಹುಡುಕಿದರೂ ಸಿಗುವುದಿಲ್ಲ. ಅವರ ಕಾರಿನಲ್ಲಿ ಕೂಡುವ ಮೊದಲು ಇದು ಗೊತ್ತಿರಬೇಕು. ಆವತ್ತು ಒಬ್ಬ ಮುದುಕನ ಜೀವ, ಅವನ ಕುರಿಗಳ ಜೀವ, ನಮ್ಮಿಬ್ಬರ ಜೀವ ಹೋಗುವುದರಲ್ಲಿದ್ದದ್ದು ಆ ನ್ಯಾಯದ ದೆಸೆಯಿಂದಲೇ. ಗಾಡಿ ನನ್ನ ಕೈಯಲ್ಲಿತ್ತು. ಆಮೇಲೆ ಎಷ್ಟೋ ರಾತ್ರಿ, ಕಣ್ಣು ಮುಚ್ಚಿದರೆ ಸಾಕು, ಹಾಸಿಗೆಯಲ್ಲಿ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ತುಳಿಯುತ್ತಿತ್ತು. ಬ್ರೇಕ್ ಇಳಿಯುತ್ತಿರಲಿಲ್ಲ. ಎದ್ದು ಕೂತು ನೀರು ಕುಡಿಯುತ್ತಿದ್ದೆ. ಮತ್ತೆ ಸ್ಟಿಯರಿಂಗ್ ಹಿಡಿಯುವ ದಿನ ಬರುತ್ತದೆಂದು ನಾನು ನಂಬಿರಲಿಲ್ಲ.

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳ ಸಾಲಿನಲ್ಲಿ ಅವರದೊಂದು ಕಾಟಾ. ಭತ್ತದ ಲಾರಿ ಬಂದು ನಿಲ್ಲುತ್ತದೆ, ಮಾಮಾ ಗುಂಡಿ ಒತ್ತುತ್ತಾರೆ, ಚೀಟಿ ಬರುತ್ತದೆ. ಹೀಗೇ ಸಾಗುತ್ತಿದ್ದ ಜೀವನದಲ್ಲಿ ಒಂದು ದಿನ ಮೊಬೈಲ್ ನೋಡುತ್ತ ನೋಡುತ್ತ ಕುರ್ಚಿಯಿಂದ ಎದ್ದೇಬಿಟ್ಟರು. ಫ್ರಾನ್ಸ್ ದೇಶದಲ್ಲಿ ಇಪ್ಪತ್ತನಾಲ್ಕು ತಾಸು ಬಿಡದೆ ಓಡಿದ ಕಾರುಗಳನ್ನು ರೇಸ್ ಮುಗಿದ ಮೇಲೆ ತೂಗುತ್ತಿದ್ದರು.

“ನೋಡಿಲ್ಲಿ, ಅವ್ರೂ ಕಾಟಾ ಹಾಕಾಕತ್ಯಾರ!” ಎಂದು ಹೆಂಡತಿಯನ್ನು, ಅಂದರೆ ನಮ್ಮ ಅತ್ತಿಯನ್ನು, ಕೂಗಿದರು.

“ಅವ್ರೂ ಭತ್ತ ಬೆಳೀತಾರೇನ್ರೀ?” ಎಂದಳು ಅತ್ತಿ.

ಅಂದಿನಿಂದ ಮಾಮಾ ಗ್ರ್ಯಾಂಡ್ ಟೂರಿಂಗ್, ಅಂದರೆ ಜಿಟಿ, ಕಾರುಗಳ ಚರಿತ್ರೆಗೆ ಬಿದ್ದರು. ಯಾರು ಗೆದ್ದರು ಎಂದು ಕೇಳಿದರೆ ಗೊತ್ತಿಲ್ಲ. ಯಾವ ವರ್ಗ ಹೇಗೆ ಹುಟ್ಟಿತು, ಯಾಕೆ ಸತ್ತಿತು, ಯಾವ ಹೆಸರಿನಲ್ಲಿ ತಿರುಗಿ ಹುಟ್ಟಿತು ಎಂದು ಕೇಳಿ ನೋಡಿ! ಹೆಣ್ಣು ಕೊಡುವ ಮುಂಚೆ ಬೀಗರ ಮನೆತನ ವಿಚಾರಿಸಿದವರ ಹಾಗೆ ಒಂದೂ ಬಿಡದೆ ಹೇಳುತ್ತಾರೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವಳು. ವಿಜಯನಗರದ ಪತನ ಹೇಳುವಾಗಲೂ ನನ್ನ ದನಿ ನಡುಗುವುದಿಲ್ಲ. ಮಾಮಾ ಜಿಟಿ ಒನ್ ವರ್ಗದ ಪತನ ಹೇಳುವಾಗ ಟವೆಲ್ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

ಅವರ ಪ್ರಕಾರ ಮೊದಲಿನ ಕಾಲ ಸತ್ಯವಂತರದು. ಮನೆಯ ಕಾರಿನಲ್ಲೇ ರೇಸಿಗೆ ಹೋಗಬೇಕು, ಓಡಿಸಬೇಕು, ಅದರಲ್ಲೇ ಮನೆಗೆ ಬರಬೇಕು. ಇಬ್ಬರು ಕೂಡುವ ಜಾಗ, ಒಂದು ಸೂಟ್‌ಕೇಸ್ ಹಿಡಿಸುವ ಜಾಗ ಇದ್ದರೆ ಅದು ಗ್ರ್ಯಾಂಡ್ ಟೂರಿಂಗ್. ಜನರಿಗೆ ಮಾರುವ ಕಾರನ್ನೇ ರೇಸಿಗೆ ತರಬೇಕೆಂಬುದು ಕಾಯ್ದೆ. ಬರಬರುತ್ತ ಕಂಪನಿಗಳು ಮೊದಲು ರೇಸಿನ ಕಾರು ಮಾಡಿ, ಕಾಯ್ದೆಯ ಬಾಯಿ ಮುಚ್ಚಿಸಲು ಒಂದೆರಡಕ್ಕೆ ನಂಬರ್ ಪ್ಲೇಟ್ ಹಚ್ಚಿ ರಸ್ತೆಗೆ ಬಿಟ್ಟವು. ಸೂಟ್‌ಕೇಸಿನ ಜಾಗ ಎಲ್ಲಿ ಎಂದು ಕೇಳಿದ್ದಕ್ಕೆ ಒಂದು ಕಂಪನಿಯವರು ಪೆಟ್ರೋಲ್ ಟಾಕಿ ತೋರಿಸಿದರಂತೆ.

ಕಾಟಾದ ಮೇಲೆ ಲಾರಿ ನಿಲ್ಲಿಸಿ ಇದನ್ನು ಕೇಳುತ್ತಿದ್ದ ಮಾನ್ವಿ ಕಡೆಯ ಡ್ರೈವರ್ ಬೀಡಿ ಆರಿಸಿಬಿಟ್ಟ. “ಟಾಕಿಯೊಳಗ ಸೂಟ್‌ಕೇಸಾ? ಅರಿವಿ ತೊಯ್ಯಂಗಿಲ್ಲೇನ್ರೀ?”

“ಹಿಡಿಸ್ತೈತಿ ಅಂತ ತೋರಿಸ್ಯಾರ. ಇಟ್ಟಿಲ್ಲ.”

“ಮತ್ತ ಒಪ್ಪಿದ್ರಾ?”

“ಒಪ್ಪಿದ್ರು. ಅಲ್ಲಿಗೇ ಆ ವರ್ಗದ ಕತಿ ಮುಗೀತು.”

ಹಿಂದೆ ನಿಂತ ನಾಲ್ಕು ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಮಾಮಾ ಮಾತ್ರ ಸತ್ತ ವರ್ಗಕ್ಕೆ ಒಂದು ನಿಮಿಷ ಮೌನವಾಗಿದ್ದು ಆಮೇಲೆ ಗುಂಡಿ ಒತ್ತಿದರು.

ಈಗಿನ ಜಿಟಿ ಥ್ರೀ ವರ್ಗದ ಮೇಲೆ ಮಾಮಾನಿಗೆ ಬಹಳ ಅಭಿಮಾನ. ಅದರಲ್ಲಿ ಎರಡು ಕಾಯ್ದೆಗಳಿವೆ. ಒಂದು, ಯಾವ ಕಾರು ಮುಂದೆ ಮುಂದೆ ಓಡುತ್ತದೋ ಅದಕ್ಕೆ ಭಾರ ಹೇರುತ್ತಾರೆ. ಬಡವರ ಕಾರು, ಸಾಹುಕಾರರ ಕಾರು ಸರಿಸಮ ಆಗಬೇಕು. ಇದಕ್ಕೆ ಮಾಮಾ ‘ಬರೋಬರಿ ಕಾಯ್ದೆ’ ಎಂದು ಹೆಸರಿಟ್ಟಿದ್ದಾರೆ. ಎರಡು, ಡ್ರೈವರ್‌ಗಳಲ್ಲಿ ಪ್ಲಾಟಿನಂ, ಬಂಗಾರ, ಬೆಳ್ಳಿ, ಕಂಚು ಎಂದು ದರ್ಜೆ. ಫ್ರಾನ್ಸಿನ ಆ ದೊಡ್ಡ ರೇಸಿನಲ್ಲಿ ಪ್ರತಿ ಜಿಟಿ ಕಾರಿಗೂ ಒಬ್ಬ ಕಂಚಿನ ಡ್ರೈವರ್, ಅಂದರೆ ಹವ್ಯಾಸಿ, ಇರಲೇಬೇಕು. ಇಷ್ಟು ತಾಸು ಅಂತ ಅವನು ಓಡಿಸಲೇಬೇಕು.

ಈ ಚರಿತ್ರೆ ಕಾಟಾದಲ್ಲೇ ಉಳಿದಿದ್ದರೆ ನಾನು ನಿದ್ದೆಗೆಡುತ್ತಿರಲಿಲ್ಲ. ಅದು ಮನೆಗೆ ಬಂತು. ಮಾಮಾ ತಮ್ಮ ಹಳೆಯ ಸಣ್ಣ ಕಾರಿನ ಹಿಂದಿನ ಸೀಟು ಬಿಚ್ಚಿ ಕಾಟಾದ ಕೋಣೆಯಲ್ಲಿ ಸೋಫಾ ಮಾಡಿಕೊಂಡರು. ಗ್ರ್ಯಾಂಡ್ ಟೂರಿಂಗ್ ಕಾರಿನಲ್ಲಿ ಇಬ್ಬರೇ ಕೂಡಬೇಕಲ್ಲ. ಅತ್ತಿ, “ಮೂರು ಮಂದಿ ಮನ್ಯಾಗ ಇಬ್ಬರದ ಕಾರು ಇಟ್ಟಾರ, ಯಾರನ್ನ ಬಿಟ್ಟು ಹೋಗ್ತಾರ ಕೇಳು” ಎಂದು ನಮ್ಮ ಅವ್ವನಿಗೆ ಫೋನ್ ಮಾಡಿದಳು.

ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಮಾಮಾ ಕಣ್ಣು ಮುಚ್ಚಿದ್ದನ್ನು ಯಾರೂ ನೋಡಿಲ್ಲ. ಒಮ್ಮೆ ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ ಹೋದರು. ಮಲಗುವ ಟಿಕೆಟ್ ತೆಗೆಸಿ, ಅರ್ಧ ದಾರಿ ಡ್ರೈವರನ ಹಿಂದೆ ನಿಂತೇ ಹೋದರು. ಚಿತ್ರದುರ್ಗದ ಹತ್ತಿರ ಡ್ರೈವರ್ ತಿರುಗಿ, “ಯಜಮಾನ್ರೇ, ನೀವು ನಿಮ್ಮ ಬರ್ತ್‌ನಾಗ ಮಲಗಿದ್ರ ಅಷ್ಟ ನಾ ಮುಂದ ಹೋಗಾವ” ಎಂದನಂತೆ. ಮಾಮಾ ಒಪ್ಪಿ ಹೋಗಿ ಮಲಗಿದರು, ಕಣ್ಣು ತೆರೆದುಕೊಂಡು.

ಈಗ ಆ ದಿನಕ್ಕೆ ಬರುತ್ತೇನೆ. ಮುದಗಲ್ಲಿಗೆ ಕೊಟ್ಟ ನಮ್ಮ ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡಬೇಕು. ಹನ್ನೆರಡರೊಳಗೆ ಅಲ್ಲಿರಬೇಕು. ಗಾಡಿಗಳು ಎರಡು. ಮಾಮಾನ ಮಗನ ಹೊಸ ದೊಡ್ಡ ಕಾರು, ಮಾಮಾನ ಬೋಳು ಕಾರು. ಎರಡೂ ಒಂದೇ ಹೊತ್ತಿಗೆ ಮುದಗಲ್ ಮುಟ್ಟಬೇಕೆಂದು ಮಾಮಾ ಬರೋಬರಿ ಕಾಯ್ದೆ ಹಾಕಿದರು. ಅದಕ್ಕಾಗಿಯೇ ಎಲ್ಲರನ್ನೂ ತೂಗಿದ್ದು.

“ಎಂಬತ್ತಂತ ಬಂದೈತಿ! ನಾ ಎಪ್ಪತ್ತಾರು ಅದೀನಿ,” ಎಂದಳು ಅತ್ತಿ.

“ಕಾಟಾ ಹತ್ತರ ಲೆಕ್ಕದಾಗ ತೋರಿಸ್ತೈತಿ. ಲಾರಿಯವ್ರು ಯಾರೂ ತಕರಾರು ಮಾಡಿಲ್ಲ.”

“ಲಾರಿಯವ್ರ ಕೂಟ ಸಂಸಾರ ಮಾಡ್ರಿ ಹಂಗಾರ.”

ಅತ್ತಿ, ಅವ್ವ, ರೊಟ್ಟಿ-ಹೋಳಿಗೆಯ ಬುಟ್ಟಿಗಳು, ಇಪ್ಪತ್ತೊಂದು ತೆಂಗಿನಕಾಯಿಯ ಚೀಲ, ಎಲ್ಲವೂ ಹೊಸ ಕಾರಿಗೆ. ಬೋಳು ಕಾರಿಗೆ ಮಾಮಾ ಮತ್ತು ನಾನು. ನನಗೆ ಲೈಸೆನ್ಸ್ ಬಂದು ಒಂಬತ್ತು ದಿನವಾಗಿತ್ತು. ಮಾಮಾ ಕೀಲಿಕೈ ನನ್ನ ಕೈಗಿಟ್ಟರು.

“ನಾನ್ಯಾಕ ಮಾಮಾ?”

“ನೀ ಕಂಚು. ಕಾಯ್ದೆ ಐತಿ. ಗಾಡಿ ಹತ್ತು.”

ಮಸ್ಕಿಯವರೆಗೆ ಚೆನ್ನಾಗಿಯೇ ಓಡಿಸಿದೆ. ನಾವು ಬಂದು ಮುಟ್ಟಿದ ಆರು ನಿಮಿಷಕ್ಕೆ ಹೊಸ ಕಾರು ಬಂತು. ಅವ್ವನಿಗೆ ಚಹಾ ಬೇಕಾಗಿ ದಾರಿಯಲ್ಲಿ ನಿಲ್ಲಿಸಿದ್ದರು. ಕಾಯ್ದೆಯಲ್ಲಿ ಚಹಾಕ್ಕೆ ವಿನಾಯಿತಿ ಇರಲಿಲ್ಲ. ಮುಂದೆ ಬಂದ ಕಾರಿಗೆ ಭಾರ ಹೇರಬೇಕು, ಅದು ಸ್ವಂತ ಕಾರಾದರೂ ಸರಿ. ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಶಾಸನ ಬರೆಸಿದ ಊರಿನಲ್ಲಿ ನಮ್ಮ ಮಾಮಾ ಕಾಟಾ ಚೀಟಿಯ ಬೆನ್ನ ಮೇಲೆ ಲೆಕ್ಕ ಬರೆದರು: ನಿಮಿಷಕ್ಕೆ ಒಂದು ಕಿಲೋ, ಆರು ಕಿಲೋ, ಹನ್ನೊಂದು ತೆಂಗಿನಕಾಯಿ. ಚೀಲ ಒಂದೇ ಇತ್ತು, ಅದು ಉಳಿದ ಹತ್ತು ಕಾಯಿಗೆ ಬೇಕಿತ್ತು. ಹನ್ನೊಂದನ್ನು ಬಿಡಿಯಾಗಿಯೇ ನಮ್ಮ ಕಾರಿನಲ್ಲಿ, ಹಿಂದಿನ ಸೀಟು ಇರಬೇಕಾದ ಜಾಗದಲ್ಲಿ ಸುರುವಿದರು.

ಮಸ್ಕಿ ದಾಟಿದ ಮೇಲೆ ಪ್ರತಿ ತಿರುವಿಗೂ ಬೆನ್ನ ಹಿಂದೆ ಗುಡುಗುಡು ಸದ್ದು.

“ಮಾಮಾ, ಕಾಯಿ ಉಳ್ಳಾಡಾಕತ್ತಾವ.”

“ಬರೋಬರಿ ಆಗಾಕತ್ತಾವ. ನೀ ರಸ್ತಾ ನೋಡು.”

ರಸ್ತೆ ಇಳಿಜಾರಾಗಿ ಒಂದು ಹಳ್ಳದ ಸೇತುವೆಗೆ ಬಂತು. ಸೇತುವೆಯ ತುಂಬ ಕುರಿಗಳು. ಅವುಗಳ ಹಿಂದೆ, ನಮ್ಮ ಕಡೆ ಮುಖ ಮಾಡಿ, ಕಂಬಳಿ ಹೊದ್ದ ಮುದುಕ ಕೈ ಎತ್ತಿ ನಿಂತಿದ್ದ. ನಿಲ್ಲಿಸಲು ಬೇಕಾದಷ್ಟು ದೂರವಿತ್ತು. ಮೆಲ್ಲಗೆ ಬ್ರೇಕ್ ಮುಟ್ಟಿದೆ. ಹಿಂದಿನ ಗುಡುಗುಡು ಮುಂದೆ ಬಂತು. ಜೋರಾಗಿ ತುಳಿದೆ. ಬ್ರೇಕ್ ಇಳಿಯಲಿಲ್ಲ. ನೋಡಿದರೆ ಪೆಡಲಿನ ಕೆಳಗೆ ಒಂದು ತೆಂಗಿನಕಾಯಿ, ಜುಟ್ಟು ಮೇಲೆ ಮಾಡಿಕೊಂಡು ಕೂತಿತ್ತು.

“ಗೇರ್ ಇಳಸು,” ಎಂದರು ಮಾಮಾ, ಭತ್ತದ ತೂಕ ಹೇಳುವ ದನಿಯಲ್ಲಿ. ಇಳಿಸಿದೆ. “ಇನ್ನೊಂದು ಇಳಸು.” ಇಳಿಸಿದೆ. ಎಡಗೈಯಿಂದ ಹ್ಯಾಂಡ್‌ಬ್ರೇಕ್ ಎಳೆಯುತ್ತ, ಬೆಲ್ಟ್ ಬಿಚ್ಚಿ ನನ್ನ ಕಾಲಿನ ಕಡೆ ಬಾಗಿದರು. ಮುದುಕನ ಮೀಸೆ ಕಾಣುತ್ತಿತ್ತು. “ಈಗ ಕಾಲು ಎತ್ತು.” ಎತ್ತಿದೆ. “ಈಗ ತುಳಿ! ಬಿಡಬ್ಯಾಡ!” ಇದ್ದ ಬಲವೆಲ್ಲ ಹಾಕಿ ತುಳಿದೆ. ಬ್ರೇಕ್ ಹಿಡಿಯಿತು. ಕಾರು ಕಿರುಚುತ್ತ, ಅಡ್ಡಡ್ಡ ಜಾರುತ್ತ ಹೋಗಿ ನಿಂತಿತು. ಮುದುಕ ಎತ್ತಿದ ಕೈಯನ್ನು ಇಳಿಸಿ ನಮ್ಮ ಬಾನೆಟ್ ಮೇಲೆ ಇಟ್ಟ. ಅಷ್ಟೇ ದೂರ ಉಳಿದಿತ್ತು.

“ಯಾಕಬೇ ಯವ್ವಾ,” ಎಂದ ಅವನು, “ಕುರಿ ಬೇಕಿದ್ರ ಕೇಳಬಾರದೇನು?”

ನನ್ನ ಕಾಲು ಪೆಡಲಿನ ಮೇಲೇ ಇತ್ತು. “ಈಗ ಬಿಡು,” ಎಂದರು ಮಾಮಾ ಬಾಗಿದಲ್ಲಿಂದಲೇ. ನನಗೆ ಬಿಡಲು ಬರಲಿಲ್ಲ. ಇನ್ನೆರಡು ಸಲ ಹೇಳಿದರು. ಬಿಟ್ಟೆ. ಅವರು ಇಳಿದು, ಅದೇ ತೆಂಗಿನಕಾಯಿಯನ್ನು ಮುದುಕನಿಗೆ ಎಡಗೈಯಲ್ಲಿ ಕೊಟ್ಟರು.

“ಎಡಗೈಲೆ ಕೊಡ್ತಾರೇನ್ರೀ?” ಎಂದ ಮುದುಕ.

“ತಪ್ಪಾತೋ ಅಪ್ಪಾ, ಇವತ್ತೊಂದಿನ ತಗೋ.”

ಎಡಗೈಯಲ್ಲಿ ಲಾರಿಯವನಿಗೆ ಚೀಟಿಯನ್ನೂ ಕೊಡದ ಮನುಷ್ಯ. ನಾನು ಅದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ. ರಸ್ತೆ ಬದಿಗೆ ಕೂತು ಅಳುತ್ತಿದ್ದೆ. ಮುಂದೆ ನೀವೇ ಓಡಿಸಬೇಕೆಂದು ಕೈ ಮುಗಿದೆ. ಮಾಮಾ ಬಲಗೈಗೆ ಟವೆಲ್ ಸುತ್ತಿಕೊಂಡು, ಎಡ ಬಾಗಿಲು ತೆಗೆದು ಕೂತುಬಿಟ್ಟರು. “ಕಂಚಿನ ಪಾಳಿ ಮುಗಿದಿಲ್ಲ.”

ಎಂಥ ಕಲ್ಲೆದೆ! ಅಲ್ಲಿಂದ ಮುದಗಲ್ಲಿನವರೆಗೆ ನಾನೇ ಓಡಿಸಿದೆ, ಎರಡನೇ ಗೇರಿನಲ್ಲಿ. ಎತ್ತಿನ ಬಂಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಅದು ಬೇರೆ ವರ್ಗ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು ಮಾಮಾ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮುಟ್ಟಿದೆವು. ಅಕ್ಕನಿಗೆ ಉಡಿ ತುಂಬುವಾಗ ಅತ್ತಿ ಕಾಯಿ ಎಣಿಸಿ, “ಒಂದು ಕಮ್ಮಿ ಐತಿ, ಎಲ್ಲಿ ಹೋತು?” ಎಂದಳು.

“ಭಾರ ಇಳಿಸಿದ್ವಿ,” ಎಂದರು ಮಾಮಾ.

ಅವರು ಊಟಕ್ಕೆ ಕೂಡಲಿಲ್ಲ. ಕಾರಿನ ಬಾಗಿಲಿಗೆ ಬೆರಳು ಸಿಕ್ಕವು ಎಂದರು. ಸಂಜೆ ಲಿಂಗಸುಗೂರಿನಲ್ಲಿ ಡಾಕ್ಟರು ಎರಡು ಬೆರಳಿಗೆ ಪಟ್ಟಿ ಕಟ್ಟಿದರು. ಎಲುಬು ಮುರಿದಿತ್ತು. ಅತ್ತಿ ಆ ಬಾಗಿಲಿಗೆ ಇಡೀ ವಾರ ಬೈದಳು.

ಎಂಟನೆಯ ದಿನ ನಾನು ಹೋದಾಗ ಅತ್ತಿ ಪಟ್ಟಿ ಬದಲಿಸುತ್ತಿದ್ದಳು. ಮಧ್ಯದ ಎರಡು ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲೆ ಅಡ್ಡಕ್ಕೆ ನಾಲ್ಕು ಗೆರೆ, ಗೀಚಿದ ಹಾಗೆ ನೇರ, ಒಂದೇ ಅಂತರ. ಬಾಗಿಲಿಗೆ ಅಂಥ ಗೆರೆ ಇರುವುದಿಲ್ಲ. ಆ ಗೆರೆಗಳು ಎಲ್ಲಿ ಇರುತ್ತವೆಂದು ನನ್ನ ಬಲಗಾಲಿಗೆ ಗೊತ್ತಿತ್ತು. ಎದ್ದು ಹೋಗಿ, ಅಂಗಳದಲ್ಲಿ ನಿಂತ ಕಾರಿನ ಬಾಗಿಲು ತೆಗೆದು, ಬ್ರೇಕ್ ಪೆಡಲಿನ ರಬ್ಬರ್ ನೋಡಿ ಬಂದೆ. ನಾಲ್ಕು ಗೆರೆ.

ಕಾಯಿ ಹೊರಗೆ ಬಂದಿತ್ತು. ಕೈ ಬಂದಿರಲಿಲ್ಲ, ನನ್ನ ಕಾಲಿನ ಕೆಳಗೆ ಪೆಡಲಿನ ಮೇಲೇ ಇತ್ತು. “ತುಳಿ” ಎಂದದ್ದು ಅದನ್ನು ತಿಳಿದೇ.

ಅತ್ತಿ ಒಳಗೆ ಹೋಗುವವರೆಗೆ ಕಾದು ಕೇಳಿದೆ. “ಯಾಕ ಒದರಲಿಲ್ಲ ಮಾಮಾ?”

ಮಾಮಾ ಮೊಬೈಲಿನಿಂದ ಮುಖ ಎತ್ತಲಿಲ್ಲ. “ಒದರಿದ್ರ ನೀ ಕಾಲು ತಗೀತಿದ್ದಿ.”

“ಆಮ್ಯಾಲಾರ ಹೇಳಬಾರದಾಗಿತ್ತಾ?”

“ಹೇಳಿದ್ರ ಇನ್ನೊಮ್ಮೆ ತುಳಿಯೋ ಹೊತ್ತು ಬಂದಾಗ ವಿಚಾರ ಮಾಡ್ತಿದ್ದಿ. ಬ್ರೇಕ್ ತುಳಿಯೋವಾಗ ವಿಚಾರ ಮಾಡಬಾರದು.” ಮೊಬೈಲ್ ಕೆಳಗಿಟ್ಟು, “ಕಾಯಿ ಬಿಡಿ ಹಾಕಿದ್ದು ನಂದ ತಪ್ಪು. ಭಾರ ಯಾವಾಗಲೂ ಬಿಗಿದು ಕಟ್ಟಬೇಕು. ಅದೂ ಕಾಯ್ದೆದಾಗ ಐತಿ, ನಾ ಓದಿರಲಿಲ್ಲ,” ಎಂದರು.

ಪಟ್ಟಿ ಬಿಚ್ಚಿಸಲು ಲಿಂಗಸುಗೂರಿಗೆ ಹೋಗಬೇಕಾದ ದಿನ ಅವರ ಮಗ ಊರಲ್ಲಿರಲಿಲ್ಲ. ಮಾಮಾ ಕೀಲಿಕೈಯನ್ನು ಕಟ್ಟೆಯ ಮೇಲಿಟ್ಟು, ಹೋಗಿ ಎಡ ಸೀಟಿನಲ್ಲಿ ಕೂತರು. ಹಿಂದೆ, ಸೋಫಾ ಆಗಿದ್ದ ಸೀಟು ಮರಳಿ ತನ್ನ ಜಾಗಕ್ಕೆ ಬಂದಿತ್ತು. ನಾನು ತುಸು ಹೊತ್ತು ಕಟ್ಟೆಯ ಮೇಲೆ ಕೂತೆ. ಅವರು ಕರೆಯಲಿಲ್ಲ. ಎದ್ದು ಹೋಗಿ ಕೂತು, ನಿಂತ ಕಾರಿನಲ್ಲೇ ನಾಲ್ಕು ಸಲ ಬ್ರೇಕ್ ತುಳಿದು ನೋಡಿದೆ. ಇಳಿಯಿತು.

ಹೋಗುವಾಗ ಆ ಸೇತುವೆಯ ಮೇಲೆ ಯಾರೂ ಇರಲಿಲ್ಲ. ಬರುವಾಗ ಮಾತ್ರ ಕುರಿಗಳಿದ್ದವು. ಮೆಲ್ಲಗೆ ತುಳಿದೆ, ಮೆಲ್ಲಗೆ ನಿಂತಿತು. ನೋಡಿದಿರಾ ಮಾಮಾ ಎನ್ನಲು ತಿರುಗಿದೆ. ಮಾಮಾ ನೋಡಿರಲಿಲ್ಲ. ತಲೆ ಕಿಟಕಿಗೆ ಆನಿಸಿ, ಬಾಯಿ ತುಸು ತೆರೆದು, ಬಿಳಿಚಿದ ಎರಡು ಬೆರಳನ್ನು ಮಡಿಲಲ್ಲಿ ಇಟ್ಟುಕೊಂಡು ನಿದ್ದೆ ಹೋಗಿದ್ದರು.

ಕುರಿಗಳು ದಾಟಿದವು. ಹಾರ್ನ್ ಹೊಡೆಯಲಿಲ್ಲ. ಮಸ್ಕಿ ದಾಟಿದೆ, ಎಬ್ಬಿಸಲಿಲ್ಲ. ಸಿಂಧನೂರಿನ ಕಾಟಾದ ಮುಂದೆ ಗಾಡಿ ನಿಲ್ಲಿಸಿ, ಅವರೇ ಏಳುವವರೆಗೆ ಕಿಟಕಿ ಇಳಿಸಿಕೊಂಡು ಕೂತೆ.

ಅಂದು ಗುರುವಾರ. ಆ ರಾತ್ರಿ ಹತ್ತಕ್ಕೆ ಮಲಗಿದವಳು ಅವ್ವ ಬಂದು ಎಬ್ಬಿಸಿದಾಗಲೇ ಎದ್ದದ್ದು. ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಬಲಗಾಲು ಇಟ್ಟಲ್ಲೇ ಇತ್ತು.