ಕವರ್ ಕೀಳದ ಆರು ಫೋನುಗಳು

ಮನುಷ್ಯರಲ್ಲಿ ಎರಡೇ ಪಂಗಡ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ. ಹೊಸ ವಸ್ತು ಮನೆಗೆ ಬಂದ ಕೂಡಲೇ ಅದರ ಪ್ಲಾಸ್ಟಿಕ್ ಕವರನ್ನು ಪರ್ರೆಂದು ಕಿತ್ತೊಗೆಯುವವರು ಒಂದು ಪಂಗಡ. ಆ ವಸ್ತು ಸವೆದು ಗುಜರಿಗೆ ಹೋಗುವ ದಿನವೂ ಕವರಿನ ಸಮೇತವೇ ಕಳಿಸಿಕೊಡುವವರು ಇನ್ನೊಂದು. ನನ್ನ ಹೆಂಡತಿ ಸುವರ್ಣಾ ಎರಡನೆಯ ಪಂಗಡದ ನಾಯಕಿ. ನಮ್ಮ ಮನೆಯ ಟಿವಿ ರಿಮೋಟು ಇಂದಿಗೂ ಅಂಗಡಿಯಿಂದ ಬಂದ ಪೊರೆಯೊಳಗೇ ಇದೆ. ಒಳಗಿನ ಅಂಕಿಗಳು ಕಾಣದಷ್ಟು ಆ ಪೊರೆ ಮಬ್ಬಾಗಿರುವುದರಿಂದ ನಾವು ಚಾನೆಲ್ಲನ್ನು ಅಂದಾಜಿನ ಮೇಲೆ ಬದಲಿಸುತ್ತೇವೆ. ಸುದ್ದಿ ನೋಡಲು ಹೊರಟು ಎಷ್ಟೋ ಸಲ ಭಕ್ತಿಗೀತೆ ಕೇಳಿ ಎದ್ದಿದ್ದೇನೆ. "ಕವರ್ ತಗದ್ರ ಹಳೇದಾಗ್ತೈತ್ರಿ" ಎನ್ನುವುದು ಅವಳ ವಾದ. "ಹಳೇದಾಗಲಿಕ್ಕೇ ಅಲ್ವೇನ ತರೋದು?" ಎನ್ನುವುದು ನನ್ನದು. ನಾನು ಮೊದಲನೆಯ ಪಂಗಡದವನು ಎಂಬ ಹೆಮ್ಮೆ ನನಗೆ ಬಹಳ ಇತ್ತು. ಕಳೆದ ವರ್ಷದವರೆಗೂ ಇತ್ತು.

ನಾನು ಹೈದರಾಬಾದಿನಲ್ಲಿ, ಜೀಡಿಮೆಟ್ಲಾದ ಆಚೆ, ಗಾಳಿ ತಿರುಗಿದರೆ ಔಷಧ ಕಾರ್ಖಾನೆಗಳ ವಾಸನೆ ನೇರ ಕರಿಹಲಗೆಗೆ ಬಂದು ಬಡಿಯುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ರಾಯಚೂರಿನ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವನು. ಇಂಗ್ಲಿಷಿನಲ್ಲಿ ಪಾಠ ಶುರುಮಾಡಿ, ತೆಲುಗಿನಲ್ಲಿ ಬಿಡಿಸಿ ಹೇಳಿ, ಸಿಟ್ಟು ಬಂದಾಗ ಹಿಂದಿಯಲ್ಲಿ ಬೈದು, ಸಂಜೆ ಮನೆಗೆ ಹೋಗಿ ಕನ್ನಡದಲ್ಲಿ ಬೈಸಿಕೊಳ್ಳುತ್ತೇನೆ. ಕಳೆದ ವರ್ಷ ನಮ್ಮಲ್ಲಿ ಮೊಬೈಲ್ ಕಂಪ್ಯೂಟಿಂಗ್ ಎಂಬ ಹೊಸ ಐಚ್ಛಿಕ ವಿಷಯ ಬಂತು. ಯಾರು ಬೇಕಾದರೂ ಒಳಹೊಕ್ಕು ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶವನ್ನು ಫೋನಿಗೆ ಹಾಕುವುದು, ಅದರ ಮೇಲೆ ನಡೆಯುವ ಆ್ಯಪ್ ಬರೆಯುವುದು, ಇದನ್ನು ಹುಡುಗರಿಗೆ ಕಲಿಸಬೇಕು. ಪ್ರಿನ್ಸಿಪಾಲರು ನನ್ನನ್ನು ಕರೆದು ಹೇಳಿದರು, "ಪರೀಕ್ಷೆಯ ದಿನ ಪ್ರತಿ ವಿದ್ಯಾರ್ಥಿಯ ಕೆಲಸವೂ ನಿಜವಾದ ಫೋನಿನ ಮೇಲೆ ನಡೆಯಬೇಕು. ನಡೆಯದಿದ್ದರೆ ಅವರಿಗೆ ಅಂಕವಿಲ್ಲ, ಮುಂದಿನ ವರ್ಷ ಈ ವಿಷಯವೂ ಇಲ್ಲ." ನಾನು ಎದೆ ಉಬ್ಬಿಸಿ ಒಪ್ಪಿಕೊಂಡೆ. ಏಕೆಂದರೆ ಇದೇ ಕೆಲಸಕ್ಕೆಂದು ಕಾಲೇಜು ಆರು ಹೊಸ ಫೋನುಗಳನ್ನು ತರಿಸಿತ್ತು.

ಮೊದಲ ತರಗತಿಯಲ್ಲೇ ಹುಡುಗರಿಗೆ ಮಾತು ಕೊಟ್ಟುಬಿಟ್ಟೆ. "ನಮ್ಮೂರಿನ ಯಾವ ಬಿರಿಯಾನಿ ಹೋಟೆಲಿನವನಾದರೂ ಮಸಾಲೆಯ ಗುಟ್ಟು ಹೇಳುತ್ತಾನೆಯೇ? ಆದರೆ ನನ್ನ ಹೆಂಡತಿ ಗುರೆಳ್ಳು ಚಟ್ನಿ ಹೇಗೆ ಮಾಡಿದಳೆಂದು ಕೇಳಿದವರಿಗೆಲ್ಲ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ಮುಕ್ತ ತಂತ್ರಾಂಶ ಎಂದರೆ ಆ ಚಟ್ನಿ. ಈ ವರ್ಷ ನೀವೆಲ್ಲ ನಿಮ್ಮ ಕೈಯಾರೆ ಅರೆಯುತ್ತೀರಿ!" ಹುಡುಗರು ಚಪ್ಪಾಳೆ ತಟ್ಟಿದರು. ಅದೇ ಉತ್ಸಾಹದಲ್ಲಿ ಫೋನು ತರಲು ಲ್ಯಾಬಿಗೆ ಹೋದೆ.

ಲ್ಯಾಬು ಯಾದಗಿರಿಯವರ ಸುಪರ್ದಿನಲ್ಲಿತ್ತು. ಯಾದಗಿರಿ ಎಂದರೆ ಇಲ್ಲಿ ಊರಲ್ಲ, ಮನುಷ್ಯ. ತೆಲಂಗಾಣದಲ್ಲಿ ಈ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಜಹೀರಾಬಾದಿನ ಇವರ ತಾಯಿ ಬೀದರಿನವರಾದ್ದರಿಂದ ನನ್ನೊಡನೆ ಕನ್ನಡದಲ್ಲೇ ಮಾತು. ಫೋನುಗಳೆಲ್ಲಿ ಎಂದೆ. ಮೂಲೆಯ ಕಬ್ಬಿಣದ ಬೀರುವನ್ನು ತೋರಿಸಿದರು. ಬೀಗ ತೆಗೆಯಿರಿ ಎಂದೆ. ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು.

"ಸಾರ್, ಇನ್‌ಸ್ಪೆಕ್ಷನ್ ಐತಲ್ರಿ. ಕಮಿಟಿಯವ್ರು ಬಂದು ನೋಡೂ ತನಕ ಫೋನ್ ಹೊಸಾವ ಇರಬೇಕು. ಗೀರು ಬಿದ್ರ ನನ್ನ ಗತಿ?"

"ಇನ್‌ಸ್ಪೆಕ್ಷನ್ ಯಾವಾಗ?"

"ಬರ್ತೈತ್ರಿ."

ನಮ್ಮ ಕಾಲೇಜುಗಳ ರೀತಿ ಬಲ್ಲವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಉಪಕರಣ ತರಿಸುವುದು ಕಲಿಸುವುದಕ್ಕಲ್ಲ, ತೋರಿಸುವುದಕ್ಕೆ. ಪಕ್ಕದ ವಿಭಾಗದ ಒಂದು ಯಂತ್ರ ಮೂರು ಸಮಿತಿಗಳಿಗೆ ದರ್ಶನ ಕೊಟ್ಟು, ಒಮ್ಮೆಯೂ ತಿರುಗದೆ, ಗೌರವದಿಂದ ನಿವೃತ್ತವಾಗಿದೆ. ಆದರೆ ನಾನು ಹಠವಾದಿ. ನಮ್ಮ ಮನೆತನದಲ್ಲಿ ಹಠ ಒಂದು ಆಸ್ತಿ. ಬೇರೆ ಆಸ್ತಿ ಇಲ್ಲದ್ದರಿಂದ ಅದನ್ನು ಜೋಪಾನವಾಗಿ ಬೆಳೆಸಿಕೊಂಡು ಬಂದಿದ್ದೇವೆ. ಈ ಬೀರು ತೆಗೆಸಿಯೇ ಸಿದ್ಧ ಎಂದು ಅಲ್ಲೇ ನಿಂತು ನಿಶ್ಚಯಿಸಿದೆ.

ಅಲ್ಲಿಯವರೆಗೆ ಕರಿಹಲಗೆಯ ಮೇಲೆ ದೊಡ್ಡದೊಂದು ಫೋನು ಬರೆದು ಪಾಠ ನಡೆಸಿದೆ. ಸೀಮೆಸುಣ್ಣದಿಂದ ಅದರ ಗುಂಡಿ ಒತ್ತುವುದು, "ಈಗ ಪರದೆ ಬೆಳಗಿತು ಎಂದುಕೊಳ್ಳಿ" ಎನ್ನುವುದು. ಹುಡುಗರು ಸಂಭಾವಿತರು, ಎಂದುಕೊಂಡರು. ತಮ್ಮ ಸ್ವಂತ ಫೋನುಗಳನ್ನು ಪ್ರಯೋಗಕ್ಕೆ ಕೊಡಲು ಮಾತ್ರ ಯಾರೂ ಮುಂದೆ ಬರಲಿಲ್ಲ. ತಂತ್ರಾಂಶ ಬದಲಿಸುವಾಗ ಕೈತಪ್ಪಿದರೆ ಫೋನು ಸತ್ತೇ ಹೋಗಬಹುದು. ಅಂಥದ್ದನ್ನು ಹುಡುಗರು 'ಇಟ್ಟಿಗೆ ಆಯಿತು' ಎನ್ನುತ್ತಾರೆ. ಹಿಂದಿನ ಬೆಂಚಿನಿಂದ ರೇಣುಕಾ ಎಂಬ ಹುಡುಗಿ ಎದ್ದಳು. ಲಿಂಗಸೂಗೂರಿನ ಕಡೆಯವಳು, ತಂದೆ ತಾಯಿ ಇಬ್ಬರೂ ಮಿಯಾಪುರದ ಕಟ್ಟಡಗಳಲ್ಲಿ ಕೂಲಿ ಮಾಡುತ್ತಾರೆ. "ಇಟ್ಟಿಗಿಗೆ ನಮ್ಮನ್ಯಾಗ ಯಾರೂ ಅಂಜಂಗಿಲ್ರಿ ಸರ್. ಆದ್ರ ನಮ್ಮನ್ಯಾಗ ಇರಾದು ಒಂದ ಫೋನು, ಅದು ಅವ್ವನ ಕಡೆ ಇರ್ತೈತಿ" ಎಂದಳು. ಅವಳ ಕನ್ನಡ ಯಾರಿಗೂ ತಿಳಿಯದಿದ್ದರೂ ಇಡೀ ತರಗತಿ ನನ್ನ ಮುಖ ನೋಡಿತು. ಮಾತು ಕೊಟ್ಟವನು ನಾನಲ್ಲವೇ?

ಕೊನೆಗೆ ನನ್ನ ಸ್ವಂತ ಫೋನನ್ನೇ ಬಲಿಗೊಡಲು ನಿಶ್ಚಯಿಸಿದೆ. ಎಲ್ಲರೂ ಮೇಜಿನ ಸುತ್ತ ಸೇರಿದರು. ಶಸ್ತ್ರಚಿಕಿತ್ಸೆ ನಡೆಯಿತು. ಮೊದಲ ಸಲ ಪರದೆ ಕಪ್ಪಾಯಿತು. ಎರಡನೆಯ ಸಲ ಬೆಳಗಿತು. ಎಲ್ಲ ನಂಬರುಗಳೂ ಅಳಿಸಿಹೋಗಿ, ಭಾವಮೈದುನ ಕರೆ ಮಾಡಿದಾಗ "ಯಾರು ನೀವು?" ಎಂದು ಕೇಳಿದೆ. ಅದಾದ ಮೇಲೆ ಅವನು ಕರೆ ಮಾಡಿಲ್ಲ. ಹೊಸ ವ್ಯವಸ್ಥೆಯ ಲಾಭಗಳಲ್ಲಿ ಇದೂ ಒಂದು.

ಒಂದೇ ಫೋನಿನ ಮೇಲೆ ಇಡೀ ತರಗತಿ ಸರದಿಯಂತೆ ಆ್ಯಪ್ ಹಾಕತೊಡಗಿತು. ರೇಣುಕಾ ಮಾಡಿದ ಆ್ಯಪು ಇಷ್ಟೇ: ಕೆಲಸದ ಗದ್ದಲದಲ್ಲಿ ಅವಳ ತಾಯಿಗೆ ಬ್ಯಾಟರಿ ಮುಗಿಯುವ ಕೆಂಪು ಗುರುತು ಕಾಣುವುದಿಲ್ಲ, ಫೋನು ಸತ್ತುಹೋಗುತ್ತದೆ, ಮಗಳು ಗೆಳತಿಯರ ಫೋನಿನಿಂದ ಕರೆ ಮಾಡಿ ಮಾಡಿ ಗಾಬರಿಯಾಗುತ್ತಾಳೆ. ಆದ್ದರಿಂದ ಬ್ಯಾಟರಿ ಮುಗಿಯುವ ಹೊತ್ತಿಗೆ ಫೋನೇ ಮಗಳ ದನಿಯಲ್ಲಿ ಕೂಗಬೇಕು. ನಾನು ಇದೆಲ್ಲ ಮರೆತು ಮನೆಯಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದಾಗ ಅಂಗಿಯ ಜೇಬಿನಿಂದ ಹುಡುಗಿಯೊಬ್ಬಳು ಚೀರಿದಳು: "ಯವ್ವಾ, ನನ್ನ ಜೀವ ಹೊಂಟೈತಿ! ಲಗೂನ ವಾಯರ್ ಹಚ್ಚಬೇ!"

ಸುವರ್ಣಾ ತವೆಯ ಮೇಲಿನ ರೊಟ್ಟಿ ಬಿಟ್ಟು ಹೊರಗೆ ಬಂದಳು. "ಯಾರ್ರಿ ಅಕಿ?"

"ವಿದ್ಯಾರ್ಥಿನಿ."

"ಕಿಸೇದಾಗ ಯಾಕ ಇಟ್ಟೀರಿ?"

ವಿವರಿಸುವಷ್ಟರಲ್ಲಿ ರೊಟ್ಟಿ ಕಪ್ಪಾಯಿತು. ಅಷ್ಟೂ ಹೊತ್ತು ಫೋನು ಕೂಗುತ್ತಲೇ ಇತ್ತು. ಎಲ್ಲ ಕೇಳಿದ ಮೇಲೆ ಸುವರ್ಣಾ ಒಂದೇ ಮಾತು ಹೇಳಿದಳು, "ಪಾಪ, ಅಕಿ ಅವ್ವನ ಮ್ಯಾಲೆ ಎಷ್ಟ ಜೀವ ಇಟ್ಟಾಳ ನೋಡ್ರಿ." ನನಗೂ ಮನಸ್ಸು ಆರ್ದ್ರವಾಯಿತು. ಆ ಹುಡುಗಿಗೆ ಅಂಕ ತಪ್ಪಬಾರದು, ಏನಾದರಾಗಲಿ ಬೀರು ತೆಗೆಸಲೇಬೇಕು. ಇಡೀ ತರಗತಿಯ ಪರೀಕ್ಷೆಗೆ ನನ್ನದೊಂದು ಫೋನು ಸಾಲುವಂತಿರಲಿಲ್ಲ.

ದಸರೆ ಬಂತು. ಆಯುಧಪೂಜೆಗೆ ಯಾದಗಿರಿ ಬೀರು ತೆಗೆಯುತ್ತಾರೆಂಬ ಸುದ್ದಿ ತಿಳಿದು ಹಿಂದಿನ ದಿನವೇ ಹುಡುಗರನ್ನು ಸಜ್ಜುಗೊಳಿಸಿದೆ. ನಿಜಕ್ಕೂ ತೆಗೆದರು. ಆರು ಫೋನುಗಳನ್ನೂ ಸಾಲಾಗಿ ಇಟ್ಟು, ಕವರಿನ ಮೇಲೆಯೇ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ತೆಂಗಿನಕಾಯಿ ಒಡೆದರು. ಮಂಗಳಾರತಿ ಆಗುತ್ತಿದ್ದಂತೆ ನಾನು ಕೈ ಚಾಚಿದೆ. ಯಾದಗಿರಿ ನನ್ನ ಮುಂಗೈ ಹಿಡಿದುಕೊಂಡರು. "ಏನ್ ಮಾಡ್ತೀರಿ ಸಾರ್? ಪೂಜಿಗೆ ಇಟ್ಟ ಆಯುಧ ಇವತ್ತು ಮುಟ್ಟಬಾರದ್ರಿ!" ಎದುರಾಡುವ ಧೈರ್ಯ ಯಾರಿಗಿದೆ? ಪ್ರಸಾದ ತಿಂದು ಬಂದೆವು. ರಜೆ ಮುಗಿಸಿ ಬರುವಷ್ಟರಲ್ಲಿ ಬೀಗ ಮತ್ತೆ ಬಿದ್ದಿತ್ತು.

ಪ್ರಿನ್ಸಿಪಾಲರ ಹತ್ತಿರ ಹೋದೆ, ಅವರು ಇನ್‌ಸ್ಪೆಕ್ಷನ್ ಮುಗಿಯಲಿ ಎಂದರು. ಇನ್‌ಸ್ಪೆಕ್ಷನ್ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಪರೀಕ್ಷೆ ಮಾತ್ರ ಹಿಂದೆ ಸರಿಯುವ ಲಕ್ಷಣ ತೋರಲಿಲ್ಲ. ನಾನು ನನ್ನ ತರಗತಿಯನ್ನು ಲ್ಯಾಬಿಗೆ ವರ್ಗಾಯಿಸಿ, ಸರಿಯಾಗಿ ಆ ಬೀರುವಿನ ಮುಂದೆಯೇ ನಿಂತು ಪಾಠ ಹೇಳತೊಡಗಿದೆ. ಬ್ಯಾಟರಿಯ ಪಾಠ ಬಂದ ದಿನ ಯಾದಗಿರಿ ಎಂದಿನಂತೆ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದರು. ತಿಂಗಳುಗಟ್ಟಲೆ ಚಾರ್ಜು ಮಾಡದೆ ಬಿಟ್ಟರೆ ಬ್ಯಾಟರಿ ಕೆಡುತ್ತದೆ, ಕೆಲವು ಉಬ್ಬಿಕೊಳ್ಳುತ್ತವೆ ಎಂದು ತೆಲುಗಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲವಾಗಿ ಕನ್ನಡದಲ್ಲಿ ಇನ್ನೊಮ್ಮೆ, ಅವರ ಕಡೆ ತಿರುಗಿಯೇ ಹೇಳಿದೆ. ಯಾದಗಿರಿಯವರ ಮುಖ ಬಿಳುಪೇರಿತು.

ತರಗತಿ ಮುಗಿಯುವವರೆಗೂ ಅವರು ಕಾಯಲಿಲ್ಲ. ಬೀಗ ತೆಗೆದರು. ಆರರಲ್ಲಿ ಐದು ಉಸಿರಿಲ್ಲದೆ ಮಲಗಿದ್ದವು. ಒಂದು ಫೋನು ಪೂರಿಯ ಹಾಗೆ ಉಬ್ಬಿ, ಹಣೆಯ ಕುಂಕುಮದ ಸಮೇತ ಕವರನ್ನು ಬಿಗಿದು ನಿಂತಿತ್ತು. "ಅಯ್ಯೋ ಸಾರ್! ಮುಟ್ಟಲಾರದ ಕೆಟ್ಟು ಹೋತಲ್ರಿ!" ಎಂದು ತಲೆಗೆ ಕೈ ಹಚ್ಚಿ ಕುಳಿತರು. ಆ ಮನುಷ್ಯನ ಸಂಕಟ ನೋಡಿ ಗೆದ್ದ ಖುಷಿಯೂ ನನಗೆ ಪೂರ್ತಿ ದಕ್ಕಲಿಲ್ಲ. ಕೀಲಿಕೈ ನನ್ನ ಅಂಗೈಗೆ ಹಾಕಿದರು. "ಇನ್ನ ಮುಂದ ನೀವ ಇಟ್ಕೋರಿ. ನನಗ ಬ್ಯಾಡ."

ಆಮೇಲಿನ ದಿನಗಳು ಹಬ್ಬ. ಹುಡುಗರು ಪರ್ ಪರ್ ಎಂದು ಕವರು ಕಿತ್ತ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಐದು ಫೋನುಗಳು ಚಾರ್ಜಿಗೆ ಹಾಕಿದ ಮೇಲೆ ಕಣ್ಣು ಬಿಟ್ಟವು. ಉಬ್ಬಿದ ಫೋನಿಗೆ ಅಬಿಡ್ಸ್ ಪೇಟೆಗೆ ಹೋಗಿ ನಾನೇ ಹೊಸ ಬ್ಯಾಟರಿ ಹಾಕಿಸಿ ತಂದೆ. ಆರು ಫೋನುಗಳೂ ಕೈಯಿಂದ ಕೈಗೆ ತಿರುಗಿ, ಬಿದ್ದು, ಎದ್ದು, ಸತ್ತು, ಬದುಕಿ, ಮುಕ್ತ ತಂತ್ರಾಂಶ ಹೊತ್ತು ನಿಂತವು. ಪರೀಕ್ಷೆಗೆ ಬಂದ ಹೊರಗಿನವರು ರೇಣುಕಾಳ ಫೋನಿನ ಕೂಗು ಕೇಳಿ ಬೆಚ್ಚಿ, ಆಮೇಲೆ ನಕ್ಕು, ಒಳ್ಳೆಯ ಅಂಕ ಕೊಟ್ಟರು. ಒಬ್ಬರಿಗೂ ಅಂಕ ತಪ್ಪಲಿಲ್ಲ. ಮುಂದಿನ ವರ್ಷವೂ ವಿಷಯ ಇರಬೇಕೆಂದರೆ ಇನ್‌ಸ್ಪೆಕ್ಷನ್ನಿನಲ್ಲಿ ಫೋನು ತೋರಿಸಿಬಿಡಿ ಎಂದರು ಪ್ರಿನ್ಸಿಪಾಲರು. ತಾರೀಕು ಕೊನೆಗೂ ಗೊತ್ತಾಗಿತ್ತು.

ಕೀಲಿಕೈ ಜೇಬಿನಲ್ಲಿದ್ದರೆ ಮನುಷ್ಯನಿಗೆ ಏನಾಗುತ್ತದೋ ಬಲ್ಲವರು ಹೇಳಬೇಕು. ಆ ವಾರ ನಾನು ಫೋನುಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಅಯ್ಯೋ, ಎಷ್ಟೊಂದು ಗೀರು! ಕರ್ಚೀಫಿನಿಂದ ಒರೆಸಿದೆ. ಹೊಸ ಪ್ಲಾಸ್ಟಿಕ್ ಹಾಳೆ ತಂದು, ಗುಳ್ಳೆ ಏಳದಂತೆ ಉಗುರಿನಿಂದ ಸವರಿ ಸವರಿ ಅಂಟಿಸಿದೆ. ಸಮಿತಿಗೆ ತೋರಿಸಲೆಂದು ಆರಕ್ಕೂ ರೇಣುಕಾಳ ಆ್ಯಪ್ ಹಾಕಿಸಿದೆ. ಕೇಳಿದ ಕೂಡಲೇ ಬೆಳಗಲೆಂದು ಪೂರ್ತಿ ಚಾರ್ಜು ಮಾಡಿ, ಚಾಲೂ ಇಟ್ಟೇ ಡಬ್ಬಿಗೆ ಸೇರಿಸಿ, ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದೆ.

ಬಾಗಿಲಲ್ಲಿ ರೇಣುಕಾ ನಿಂತಿದ್ದಳು. "ಸರ್, ಒಂದೀಟು ಫೋನ್ ಕೊಡ್ತೀರೇನ್ರಿ? ಒಂದ ತಪ್ಪು ಉಳದೈತಿ. ಒಮ್ಮಿ ಒದರಾಕ ಚಾಲೂ ಮಾಡಿದ್ರ ವಾಯರ್ ಹಚ್ಚೂ ತನಕ ಸುಮ್ಮನಾಗಂಗಿಲ್ರಿ."

"ಇನ್‌ಸ್ಪೆಕ್ಷನ್ ಮುಗೀಲಿ ಬಾರವ್ವಾ. ಗೀರು ಬಿದ್ರ ನನ್ನ ಗತಿ?" ಎಂದೆ. ಹೇಳುವಾಗ ಏನೂ ಅನ್ನಿಸಲಿಲ್ಲ.

ಸಮಿತಿ ಗೊತ್ತಾದ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಇನ್ನೂ ಕೆಲವು ದಿನ ಕಳೆದು ಬಂದಾಗ ಲ್ಯಾಬಿನ ನಟ್ಟನಡುವೆ ನಿಂತು, ಮುಕ್ತ ತಂತ್ರಾಂಶ ಎಂದರೇನು, ಬಚ್ಚಿಡದೆ ಎಲ್ಲರಿಗೂ ಕೊಡುವುದರ ಮಹತ್ವವೇನು ಎಂದು ನಾನು ಸೊಗಸಾಗಿ ವಿವರಿಸುತ್ತಿದ್ದೆ. ಆಗ ಬೀರುವಿನ ಒಳಗಿನಿಂದ ಒಂದು ದನಿ ಬಂತು. "ಯವ್ವಾ, ನನ್ನ ಜೀವ ಹೊಂಟೈತಿ!" ಅದರ ಹಿಂದೆಯೇ ಎರಡನೆಯದು. ನೋಡುನೋಡುತ್ತಿದ್ದಂತೆ ಆರೂ ಸೇರಿ, ಒಂದರ ಮೇಲೊಂದು, ಕಬ್ಬಿಣ ನಡುಗುವಂತೆ: "ಲಗೂನ ವಾಯರ್ ಹಚ್ಚಬೇ! ಹಚ್ಚಬೇ!"

ಸಮಿತಿಯ ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದು, ಒಳಗೆ ಯಾರಿದ್ದಾರೆ, ಏನನ್ನುತ್ತಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ಕನ್ನಡ ಬಲ್ಲವರು ಅಲ್ಲಿ ಮೂವರೇ. ಯಾದಗಿರಿ ನೆಲ ನೋಡಿದರು. ಆ್ಯಪ್ ತೋರಿಸಲೆಂದು ಬಂದು ನಿಂತಿದ್ದ ರೇಣುಕಾ ನನ್ನನ್ನು ನೋಡಿದಳು. ನಾನೇ ಅನುವಾದಿಸಬೇಕಾಯಿತು: "ಬೀಗ ಹಾಕಿ ಇಟ್ಟಿದ್ದಕ್ಕೆ ಸಾಯುತ್ತಿದ್ದೇವೆ ಎನ್ನುತ್ತಿವೆ, ಸಾರ್." ಬೀಗ ಹಾಕಿದ್ದು ಯಾರೆಂದು ಅವರು ಕೇಳಲಿಲ್ಲ. ಕೀಲಿಕೈ ನನ್ನ ಜೇಬಿನಿಂದ ಬರುವುದನ್ನು ನೋಡಿದರು, ಅಷ್ಟೇ. ರೇಣುಕಾ ವಾಯರುಗಳನ್ನು ಹಚ್ಚಿ ಒಂದೊಂದನ್ನೇ ಸಮಾಧಾನ ಮಾಡಿದಳು. ಹಿರಿಯರು ನಾನು ಸವರಿ ಅಂಟಿಸಿದ ಹಾಳೆಯನ್ನು ತಾವೇ ಕಿತ್ತು, ಒಳಗಿನ ಗೀರುಗಳನ್ನು ಬೆರಳಿಂದ ಮುಟ್ಟಿ, "ಇಷ್ಟು ಬಳಕೆಯಾದ ಸಾಮಾನು ಈ ಕಾಲೇಜಿನಲ್ಲಿ ಇದೊಂದೇ" ಎಂದು ಮೆಚ್ಚಿ ಸಹಿ ಹಾಕಿದರು. ವಿಷಯ ಉಳಿಯಿತು.

ಎಲ್ಲರೂ ಊಟಕ್ಕೆ ಹೊರಟ ಮೇಲೆ ಯಾದಗಿರಿ ಒಬ್ಬರೇ ಉಳಿದರು. ಹಾಳೆ ಕೀಳದೆ ಉಳಿದಿದ್ದ ಫೋನೊಂದನ್ನು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ವ್ಯಂಗ್ಯವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಅಪ್ಪಟ ಗೌರವ.

"ಒಂದ ಗುಳ್ಳಿ ಸೈತ ಇಲ್ರಿ ಸಾರ್," ಎಂದರು. "ಇಷ್ಟ ಚಂದ ಕವರ್ ಹಾಕೋದು ನನಗ ಇಷ್ಟು ವರ್ಷ ಆದ್ರೂ ಬಂದಿಲ್ಲ. ನನಗೂ ಒಂಚೂರು ಕಲಿಸಿಕೊಡ್ರಿ."