ಮನೆಗಳು ಸರಿದಾಡಿದ ದಿನ

ಸುಭಾನಸಾಬ ಮಾಡಿದ ತಪ್ಪು ಅಂದರೆ ಒಂದೇ. ಹನ್ನೊಂದು ದಿನದ ಹಿಂದೆ ಸಮುದಾಯ ಭವನದಲ್ಲಿ ಊರವರನ್ನೆಲ್ಲ ಕೂಡಿಸಿ, ಫೋನು ಎತ್ತಿ ಹಿಡಿದು, "ನಕಾಶಿಯೊಳಗ ನಿಮ್ಮ ಮನಿ ತಪ್ಪು ಜಾಗಾದಾಗ ಇದ್ರ ಅದರ ಮ್ಯಾಲ ಬೆರಳಿಟ್ಟು ಸರಿ ಜಾಗಾಕ್ಕ ಎಳೀರಿ. ಯಾರನ್ನೂ ಕೇಳೂದ ಬ್ಯಾಡ" ಎಂದು ಹೇಳಿಬಿಟ್ಟಿದ್ದ.

ಆ ಕೊನೆಯ ಮಾತು ಊರವರಿಗೆ ಬಹಳ ಹಿಡಿಸಿತು.

ಹೊಸ ಹೊಳೆಕೊಪ್ಪ ಹುನಗುಂದ ತಾಲೂಕಿನ ಪುನರ್ವಸತಿ ಊರು. ಮಲಪ್ರಭೆ ಎರಡು ಸಲ ಮನೆಯೊಳಗೇ ಬಂದು ಹೋದ ಮೇಲೆ ಹಳೆಯ ಊರನ್ನು ಹೊಳೆದಂಡೆಯಿಂದ ಎಬ್ಬಿಸಿ ಮೇಲಿನ ಮಡ್ಡಿಗೆ ತಂದಿಟ್ಟಿದ್ದರು. ಮುನ್ನೂರು ಮನೆ, ಒಂದೇ ಅಚ್ಚಿನಲ್ಲಿ ಹೊಡೆದ ಇಟ್ಟಂಗಿಯ ಹಾಗೆ ಎಲ್ಲ ಒಂದೇ ನಮೂನೆ. ಗೋಡೆಗೆ ಬರೆದಿದ್ದ ನಂಬರು ಮೊದಲ ಹಬ್ಬದ ಸುಣ್ಣದಲ್ಲೇ ಮುಚ್ಚಿಹೋಗಿತ್ತು. ವಿಳಾಸ ಕೇಳಿದರೆ ಜನ, "ಬೇವಿನಮರದ ಹಿಂದ, ಹಿರೇಬಾವಿ ಮಗ್ಗಲ" ಅನ್ನುತ್ತಿದ್ದರು. ಬೇವಿನಮರವೂ ಹಿರೇಬಾವಿಯೂ ಹಳೆಯ ಊರಿನಲ್ಲೇ ಉಳಿದಿದ್ದವು.

ಮೂವತ್ತಾರು ವರ್ಷ ಟಪಾಲು ಹಂಚಿ ನಿವೃತ್ತನಾದ ಸುಭಾನಸಾಬನ ತಲೆಯಲ್ಲಿ ಮಾತ್ರ ಹೊಸ ಊರು ಸರಿಯಾಗಿ ಕೂತಿತ್ತು. ಆದರೆ ಹೋದ ಮಳೆಗಾಲ ಹೆಂಡತಿ ಹಜರತಬಿಗೆ ಉಸಿರು ಕಟ್ಟಿದಾಗ ಅಂಬುಲೆನ್ಸಿನವರು ಆ ತಲೆಯನ್ನು ಎರವಲು ಪಡೆಯುವಂತಿರಲಿಲ್ಲ. ಗಾಡಿ ಮುಕ್ಕಾಲು ತಾಸು ಕೂಗುತ್ತ ಓಣಿ ಓಣಿ ಸುತ್ತಿತು. ಇವನು ಲುಂಗಿ ಎತ್ತಿ ಕಟ್ಟಿ ಅದರ ಹಿಂದೆ ಓಡಿದ. ಹಜರತಬಿ ಉಳಿದಳು. ಇನ್ನೊಮ್ಮೆ ಈ ಊರಿನಲ್ಲಿ ಯಾರಿಗೂ ಹೀಗಾಗಬಾರದು ಎಂದು ಸುಭಾನಸಾಬ ಅಂದೇ ಹಟ ಹಿಡಿದ.

ದಾರಿ ತೋರಿಸಿದವಳು ಮಗಳು ತಬಸುಮ. ಇಳಕಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಎಲ್ಲಿಯೋ ದೂರದ ಮರುಭೂಮಿಯಲ್ಲಿ, ಯುದ್ಧಕ್ಕೆ ಹೆದರಿ ಓಡಿಬಂದ ನಿರಾಶ್ರಿತರು ಸಾಲು ಡೇರೆಗಳಲ್ಲಿ ತಮ್ಮವರನ್ನು ಹುಡುಕಿಕೊಳ್ಳಲೆಂದು ಯಾರೋ ಪುಣ್ಯವಂತರು ಒಂದು ನಕಾಶೆಯ ಆ್ಯಪ್ ಮಾಡಿದ್ದರಂತೆ. ಅದು ಮುಕ್ತ ತಂತ್ರಾಂಶವಂತೆ.

"ಹಂಗಂದ್ರ ಏನವಾ?"

"ಮೊಸರಿನ ಹೆಪ್ಪು ಇದ್ದಂಗ, ಬಾಬಾ. ಬಾಜೂ ಮನ್ಯಾಗ ಒಂದ ಚಮಚಾ ಇಸ್ಕೊಂಡ ಬಂದು ನಮ್ಮ ಹಾಲಿಗಿ ಹಾಕ್ತೀವಿ. ಅವರದೇನೂ ಕಡಿಮಿ ಆಗೂದಿಲ್ಲ. ನಮ್ಮನ್ನ ಯಾರರೆ ಕೇಳಿದ್ರ ನಾವೂ ಕೊಡಬೇಕು. ಅಷ್ಟ."

ತಬಸುಮ ಅದಕ್ಕೆ ಕನ್ನಡ ಕಲಿಸಿದಳು. ಸುಭಾನಸಾಬ ಸೈಕಲ್ ಮೇಲೆ ತಿರುಗಿ ಮುನ್ನೂರು ಮನೆ ಕೂರಿಸಿದ. ಅಂಬುಲೆನ್ಸಿನವರು, ಗ್ಯಾಸಿನವರು, ರೇಷನ್ನಿನವರು ಹೆಸರು ಒತ್ತಿದರೆ ಸಾಕು, ಬಾಗಿಲ ಮುಂದೆ ಬಂದು ನಿಲ್ಲಬಹುದು. ಆದರೆ ಅದನ್ನು ನಡೆಸುವ ಖರ್ಚು ತಬಸುಮಳ ಕೈ ಮೀರಿತ್ತು. ತಿಂಗಳ ಕೊನೆಗೆ ನಕಾಶೆ ಬಂದಾಗುವುದಿತ್ತು. ಇಂಥ ಮುಕ್ತ ಕೆಲಸಗಳಿಗೆ ಅನುದಾನ ಕೊಡುವ ಸಂಸ್ಥೆಯೊಂದಕ್ಕೆ ಅವಳು ಬರೆದಳು. ಪರೀಕ್ಷೆಯಲ್ಲಿ ಪಾಸಾದರೆ ಮೂರು ವರ್ಷದ ಖರ್ಚು ನಮ್ಮದು, ಮೇಲೆ ಗೌರವಧನ ಕೊಟ್ಟು ಒಬ್ಬ ನಕಾಶೆ ಪಾಲಕನನ್ನೂ ನೇಮಿಸುತ್ತೇವೆ ಎಂದು ಉತ್ತರ ಬಂತು. ಪಾಲಕ ಎಂಬ ಶಬ್ದ ಕಿವಿಗೆ ಬಿದ್ದಾಗಿನಿಂದ ಸುಭಾನಸಾಬ ಪೆಟ್ಟಿಗೆಯಲ್ಲಿದ್ದ ಖಾಕಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿಸಿದ್ದ.

ಇವತ್ತೇ ಆ ಪರೀಕ್ಷೆ. ಸಂಜೆ ನಾಲ್ಕಕ್ಕೆ ಬಾಗಲಕೋಟೆಯಿಂದ ಆ ಸಂಸ್ಥೆಯ ಮಹೇಶ್ವರಿ ಮೇಡಂ ಬರುವವರಿದ್ದರು. ಐದು ಹೆಸರು ತಾವೇ ಆರಿಸಿ, ಯಾರನ್ನೂ ಕೇಳದೆ, ನಕಾಶೆ ನೋಡಿಕೊಂಡೇ ಐದು ಮನೆ ಮುಟ್ಟಬೇಕು.

ಬೆಳಿಗ್ಗೆ ಒಂಬತ್ತಕ್ಕೆ, ಒಮ್ಮೆ ನೋಡಿಬಿಡೋಣ ಎಂದು ಸುಭಾನಸಾಬ ಫೋನು ತೆರೆದ. ತೆರೆದ ಬಾಯಿ ಮುಚ್ಚಲಿಲ್ಲ. ದಕ್ಷಿಣಕ್ಕೆ ಬಾಗಿಲಿದ್ದ ಮನೆಗಳೆಲ್ಲ ವಾಸ್ತು ಸರಿ ಮಾಡಿಕೊಳ್ಳಲು ಪೂರ್ವದ ಓಣಿಗೆ ಗುಳೆ ಬಂದು, ಸಂತೆ ದಿನ ಕುಳಗೇರಿ ಕ್ರಾಸಿನ ಟಂಟಂ ರಿಕ್ಷಾ ಹತ್ತಿದವರ ಹಾಗೆ ಒಂದರ ತೊಡೆಯ ಮೇಲೊಂದು ಕುಳಿತಿದ್ದವು. ಬಸಯ್ಯನ ಚಹಾದ ಅಂಗಡಿ ಪಂಚಾಯತಿ ಕಚೇರಿಯ ಒಳಗಿತ್ತು.

ಸೈಕಲ್ ಹತ್ತಿ ನೇರ ಬಸಯ್ಯನ ಹತ್ತಿರ ಹೋದ.

"ಏನ್ರಿ ಬಸಯ್ಯನವರ, ಅಂಗಡಿ ಪಂಚಾಯ್ತಿ ಒಳಗ ಹೆಂಗ ಹೊಕ್ಕಿತು?"

"ಪಂಚಾಯ್ತಿಗೆ ಬಂದವರಿಗೆ ಚಾ ಬ್ಯಾಡೇನು? ಅದಕ್ಕ ಸ್ವಲ್ಪ ಸರಸೀನಿ."

"ಸ್ವಲ್ಪ? ಅಧ್ಯಕ್ಷರ ಕುರ್ಚಿ ಮ್ಯಾಲ ನಿಮ್ಮ ಸ್ಟೋ ಉರಿಯಾಕ ಹತ್ತೈತಿ!"

"ಅಧ್ಯಕ್ಷರ ಏನೂ ಅಂದಿಲ್ಲ, ನಿಮಗ್ಯಾಕ ಬಿಸಿ ತಟ್ಟತು? ಸರಿ ಜಾಗಾಕ್ಕ ಎಳೀರಿ ಅಂದವರು ನೀವ. ನನಗ ಸರಿ ಅನ್ನಿಸಿದ ಜಾಗಾ ಅದು."

ಸುಭಾನಸಾಬ ಅಲ್ಲೇ ನಿಂತು ಅಂಗಡಿಯನ್ನು ಬೆರಳಿನಿಂದ ಎಳೆದು ಅದರ ಜಾಗದಲ್ಲಿ ಇಟ್ಟ. ಇಳಕಲ್ಲಿಗೆ ಫೋನು ಹಚ್ಚಿದರೆ ತಬಸುಮ ಕಾಲೇಜಿನ ಪರೀಕ್ಷೆಯ ಕೋಣೆಯಲ್ಲಿದ್ದಳು; ಎತ್ತಲಿಲ್ಲ. ಟಪಾಲು ಚೀಲ ಎಷ್ಟೇ ಭಾರವಿದ್ದರೂ ಒಂದೊಂದೇ ಕಾಗದ ಹಂಚಿದರೆ ಖಾಲಿ ಆಗಲೇಬೇಕು ಎಂದು ತನಗೆ ತಾನೇ ಹೇಳಿಕೊಂಡು ಅವನು ಮೊದಲ ಓಣಿಯಿಂದ ಶುರು ಮಾಡಿದ.

ಮೂರನೆಯ ಓಣಿಯಲ್ಲಿ ಎಂಬತ್ತು ದಾಟಿದ ಬಸಲಿಂಗವ್ವನ ಮನೆ ಸಿಗಲಿಲ್ಲ. ಹುಡುಕಿದರೆ ಅದು ಊರಿನಲ್ಲೇ ಇಲ್ಲ. ಎರಡು ಮೈಲಿ ಆಚೆ ಹೊಳೆಯ ದಂಡೆಗೆ ಒಂಟಿಯಾಗಿ ಕೂತಿತ್ತು.

"ಯವ್ವಾ, ನಿನ್ನ ಮನಿ ಹೊಳ್ಯಾಗ ಹೋಗೇತಲ್ಲ!"

"ಹೋಗಿಲ್ಲೋ ತಮ್ಮಾ, ಅಲ್ಲೇ ಐತಿ. ನಾ ಲಗ್ನಾಗಿ ಬಂದದ್ದು ಆ ಮನೀಗಿ. ಇದು ಸರಕಾರದ್ದು. ನೀನ ಅಂದೀಯಲ್ಲ, ಸರಿ ಜಾಗಾಕ್ಕ ಎಳೀರಿ ಅಂತ? ಮೊಮ್ಮಗಳ ಕೈಲೆ ಎಳಸೀನಿ."

ಸುಭಾನಸಾಬ ಕಟ್ಟೆಯ ಮೇಲೆ ಕೂತ. ಆ ಹಳೆಯ ಮನೆಯ ಬಾಗಿಲಿಗೆ ಅವನೇ ಎಷ್ಟೋ ಮನಿಯಾರ್ಡರು ತಂದುಕೊಟ್ಟಿದ್ದ.

"ಯವ್ವಾ, ರಾತ್ರಿ ನಿನಗ ಎದಿ ಹಿಡೀತು ಅನ್ನು. ಅಂಬುಲೆನ್ಸ್ ಹೊಳೀ ದಂಡಿಗಿ ಹೋಗಿ ನಿಂತ್ರ?"

"ನಿಲ್ಲಲಿ ಬಿಡು. ಹೆಂಗಿದ್ರೂ ನಾ ಸತ್ತ ಮ್ಯಾಲ ಅಲ್ಲಿಗೇ ಹೋಗಾಕಿ. ಗಾಡಿ ಬಾಡಿಗಿ ಉಳೀತು."

ಅವನಿಗೆ ನಗು ಬಂತು. ಮುದುಕಿ ಒಳಗೆ ನೀರು ತರಲು ಹೋದಾಗ, ಕಳ್ಳತನ ಮಾಡಿದವನ ಹಾಗೆ ಮನೆಯನ್ನು ಹೊಳೆಯಿಂದ ಎತ್ತಿ ಮೂರನೆಯ ಓಣಿಗೆ ತಂದಿಟ್ಟ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ನೆಟ್ಟಗಾಯಿತು. ಆದರೆ ಎರಡು ಮನೆ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಇವನು ಇಟ್ಟು ತಿರುಗುವುದರೊಳಗೆ ಒಂದು ನೀರಿನ ಟಾಕಿಯೊಳಗೆ ಇಳಿಯುತ್ತಿತ್ತು, ಇನ್ನೊಂದು ತಿಪ್ಪೆಯ ಮೇಲೆ ಹತ್ತುತ್ತಿತ್ತು. ಅವು ರಂಗವ್ವ, ಕಸ್ತೂರಿಯರ ಮನೆಗಳು. ಅಣ್ಣತಮ್ಮಂದಿರ ಹೆಂಡಿರು, ಸರಕಾರ ಇಬ್ಬರ ನಡುವೆ ಒಂದೇ ಗೋಡೆ ಕಟ್ಟಿಕೊಟ್ಟಿತ್ತು. ಹಳೆಯ ಊರಿನಲ್ಲಿ ಇಬ್ಬರ ನಡುವೆ ಮೂರು ಓಣಿ ಇದ್ದವು, ಹಾಗಾಗಿ ಪ್ರೀತಿಯೂ ಇತ್ತು.

"ಇಕಿ ನನ್ನ ಮನಿ ಟಾಕ್ಯಾಗ ಮುಳುಗ್ಸ್ಯಾಳ, ಸುಭಾನಣ್ಣಾ!" ಎಂದಳು ಕಸ್ತೂರಿ.

"ಮದಲ ನನ್ನನ್ನ ತಿಪ್ಪಿ ಮ್ಯಾಲ ಕುಂದ್ರಿಸಿದಾಕಿ ಯಾರು? ದಿನಾ ಮುಂಜಾನೆ ಎದ್ದು ಮಾರಿ ತೊಳಿಯೂದಕ್ಕಿಂತ ಮದಲ ಇಪ್ಪತ್ತ ಸಲ ನನ್ನ ಮನಿ ದೂಡ್ತಾಳ!" ಎಂದಳು ರಂಗವ್ವ.

"ನೀ ಮುಂಜಾನೆ ಇಪ್ಪತ್ತ ಸಲ ದೂಡ್ತೀ, ಮಧ್ಯಾಹ್ನ ಮತ್ತ ಇಪ್ಪತ್ತ ಸಲ!"

ಮೂವತ್ತಾರು ವರ್ಷದ ನೌಕರಿಯಲ್ಲಿ ನಾಯಿಗಳನ್ನು ಸಂಭಾಳಿಸಿದ್ದ ಸುಭಾನಸಾಬ ಬುದ್ಧಿ ಓಡಿಸಿದ. ನಾಲ್ಕು ಗಂಟೆಯವರೆಗೆ ರಂಗವ್ವನ ಫೋನು ಕಸ್ತೂರಿಯ ಹತ್ತಿರ, ಕಸ್ತೂರಿಯದು ರಂಗವ್ವನ ಹತ್ತಿರ ಒತ್ತೆ; ಬೀಗ ಬಿದ್ದ ಫೋನಿನಲ್ಲಿ ಬಂದ ಕರೆ ಎತ್ತಬಹುದೇ ಹೊರತು ಮನೆ ದೂಡಲಾಗದು. ಇಬ್ಬರೂ ಒಪ್ಪಿದರು, ಇನ್ನೊಬ್ಬಳ ಫೋನು ಕೈಗೆ ಸಿಗುವುದೆಂದರೆ ಯಾರಿಗೆ ಬೇಡ? ಐದು ನಿಮಿಷಕ್ಕೆ ಕಸ್ತೂರಿಯ ಗಂಡ ಹೊಲದಿಂದ ಫೋನು ಮಾಡಿ, ಊಟಕ್ಕೆ ಏನು ಮಾಡಿದ್ದೀ ಎಂದು ಕೇಳಿದ.

"ಜಗಳ ಮಾಡ್ಯಾಳ ಮೈದುನಾ, ಬಂದು ಬಿಸಿ ಬಿಸಿ ಉಣ್ಣು" ಎಂದಳು ರಂಗವ್ವ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಸುಭಾನಸಾಬ ಕೊನೆಯ ಮನೆಯನ್ನು ಕೂರಿಸಿದ. ಎರಡು ನೂರಾ ಹದಿನೇಳು ಮನೆ ಎಳೆದ ಬೆರಳು ಬೆಂಡೆಕಾಯಿಯಷ್ಟು ದಪ್ಪವಾಗಿತ್ತು. ಖಾಕಿ ಅಂಗಿ ತೊಟ್ಟು ಊರ ಬಾಗಿಲಿಗೆ ಬಂದು ನಿಂತ.

ಮಹೇಶ್ವರಿ ಮೇಡಂ ಹೇಳಿದ ಹೊತ್ತಿಗೆ ಬಂದರು. ಐದು ಹೆಸರು ಆರಿಸಿದರು. ಕಾರು ಒಂದು ಕಡೆಯೂ ತಪ್ಪಲಿಲ್ಲ, ಒಂದು ಕಡೆಯೂ ತಡೆಯಲಿಲ್ಲ. ಐದನೆಯ ಹೆಸರು ಬಸಲಿಂಗವ್ವ. ಅವಳ ಬಾಗಿಲಿಗೇ ಹೋಗಿ ನಿಂತಾಗ ಜನ ಚಪ್ಪಾಳೆ ಹೊಡೆದರು. ಮುದುಕಿಯೊಬ್ಬಳೇ, "ಇದು ಸರಕಾರದ್ದು" ಎಂದು ಗೊಣಗಿದಳು.

ಎಲ್ಲರೂ ಬಸಯ್ಯನ ಅಂಗಡಿಗೆ ಬಂದರು. ಮೇಡಂ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ಸುಭಾನಸಾಬರ, ನಿಮ್ಮ ಊರಿಗೆ ಅನುದಾನ ಪಾಸ್! ಹನ್ನೊಂದ ದಿನದಾಗ ಜನ ತಾವ ಒಂದ ಸಾವಿರದ ಮ್ಯಾಲ ತಿದ್ದುಪಡಿ ಮಾಡ್ಯಾರ. ಯಾವ ದೇಶದ ನಿರಾಶ್ರಿತರ ಶಿಬಿರದಾಗೂ ಇಷ್ಟ ಕಂಡಿಲ್ಲ ನಾವು. ಯಾರ ಯಾವಾಗ ಏನ ಸರಸಿದ್ರೂ ಇದರಾಗ ದಾಖಲಾಗಿರತೈತಿ ನೋಡ್ರಿ."

ಸುಭಾನಸಾಬ ಕಾಲರ್ ಸರಿ ಮಾಡಿಕೊಂಡ. ಅಷ್ಟರಲ್ಲಿ ಮೇಡಂ ಹುಬ್ಬು ಗಂಟಾಯಿತು.

"ಆದ್ರ ಇದೇನು? ಇವತ್ತ ಒಂಬತ್ತರಿಂದ ನಾಕರ ತನಕಾ ಒಬ್ಬರ ಕೂತು ಜನ ಮಾಡಿದ ಎರಡ ನೂರಾ ಹದಿನೇಳು ತಿದ್ದುಪಡಿ ಅಳಿಸ್ಯಾರ. ಇದು ನಿಮ್ಮ ಫೋನ ಅಲ್ರಿ?"

"ನಂದರೀ, ಮೇಡಂ! ಊಟಾ ಬಿಟ್ಟು ಮಾಡೇನ್ರಿ" ಎಂದ ಸುಭಾನಸಾಬ ಹೆಮ್ಮೆಯಿಂದ.

ಮೇಡಂ ಮೆಲ್ಲಗೆ ಲ್ಯಾಪ್‌ಟಾಪ್ ತಿರುಗಿಸಿ ನಿಯಮ ಓದಿ ಹೇಳಿದರು. ನಕಾಶೆ ಜನರದು. ಜನರ ತಿದ್ದುಪಡಿಯನ್ನು ಒಬ್ಬನೇ ಸಾರಾಸಗಟಾಗಿ ಅಳಿಸಿದರೆ ಅವನು ಒಂದು ವರ್ಷ ನಕಾಶೆ ಮುಟ್ಟುವಂತಿಲ್ಲ.

"ಅವು ಸುಳ್ಳ ಇದ್ದೂರಿ! ಬಸಯ್ಯನವರ, ಹೇಳ್ರಲಾ!"

"ನಂದಂತೂ ಸುಳ್ಳಿರಲಿಲ್ಲ" ಎಂದ ಬಸಯ್ಯ, ಚಹಾ ಸೋಸುತ್ತ.

"ನನಗ ತಿಳಿತೈತ್ರಿ" ಎಂದರು ಮೇಡಂ, ನೊಂದುಕೊಂಡೇ. "ಆದ್ರ ನಿಯಮ ನನ್ನ ಕೈಯಾಗಿಲ್ಲ. ಪಾಲಕರ ನೇಮಕಾನೂ ಹಂಗ. ಯಾರ ಹೆಚ್ಚ ತಿದ್ಯಾರೋ ಅವರಿಗೇ ಹೋಗತೈತಿ. ಇಲ್ಲಿ ಇಬ್ಬರದು ಸಮಾ ಸಮಾ ಬಂದೈತಿ, ನಾನೂರಾ ಒಂದು, ನಾನೂರಾ ಒಂದು. ರಂಗವ್ವ, ಕಸ್ತೂರಿ ಅಂದ್ರ ಯಾರ್ರಿ?"

ಕಾರು ಹೊರಟು ಹೋಯಿತು. ಪಾಲಕಿಯರಿಬ್ಬರೂ ತಮ್ಮ ತಮ್ಮ ಫೋನು ವಾಪಸು ಪಡೆದು, ಹೊಸ ಊರಿಗೆ ಬಂದ ಮೇಲೆ ಮೊದಲ ಸಲ ಒಂದೇ ಕಟ್ಟೆಯ ಮೇಲೆ ಕೂತು ತಲೆಗೆ ತಲೆ ಹಚ್ಚಿ ಏನೋ ಮಾತಾಡಿಕೊಂಡರು. ಸುಭಾನಸಾಬ ಮನೆಗೆ ಬಂದು ಅಂಗಿ ಕಳಚಿದ. ಹಜರತಬಿ ತಾಟು ಇಟ್ಟಳು.

"ಏನ್ರೀ, ನಕಾಶಿ ಉಳೀತಿಲ್ಲೋ? ಅಂಬುಲೆನ್ಸ್ ಬರತೈತಿಲ್ಲೋ? ಸಾಕ ಬಿಡ್ರಿ."

"ಖರೆ" ಎಂದ ಅವನು. ಅದೊಂದು ಸಮಾಧಾನದಿಂದ ರೊಟ್ಟಿ ಮುರಿದ. ಆಗ ಗ್ಯಾಸಿನವನ ಫೋನು ಬಂತು.

"ಕಾಕಾ, ಎಲ್ಲಿದ್ದೀರಿ? ನಿಮ್ಮ ಮನೀ ಮುಂದನ ಸಿಲಿಂಡರ್ ಹೊತ್ತು ನಿಂತೇನಿ. ಬಾಗಲಾನ ಇಲ್ಲ ಇಲ್ಲಿ, ಬರೇ ಗೋಡಿ ಐತಿ."

"ಎಲ್ಲಿ ನಿಂತೀಯೋ?"

"ನಕಾಶ್ಯಾಗ ಇದ್ದಲ್ಲೇ. ರಂಗವ್ವನ ಮನಿ, ಕಸ್ತೂರಕ್ಕನ ಮನಿ, ಎರಡರ ನಡಕ."

ಅವನ ಹಿಂದಿನಿಂದ ಇಬ್ಬರು ಹೆಂಗಸರು ಒಂದೇ ದನಿಯಲ್ಲಿ ಕೂಗುವುದು ಕೇಳಿಸಿತು: "ಸುಭಾನಣ್ಣಾ, ಸಿಟ್ಟಾಗಬ್ಯಾಡ್ರೀ! ನಿಮ್ಮಂಥಾ ಶಾಂತ ಮನಿಶ್ಯಾ ನಮ್ಮ ನಡಕ ಇದ್ರ ಇನ್ನ ಮ್ಯಾಲ ಜಗಳ ಇರೂದಿಲ್ಲ!"

ಸುಭಾನಸಾಬ ಫೋನಿನಲ್ಲಿ ತನ್ನ ಮನೆಯ ಮೇಲೆ ಬೆರಳಿಟ್ಟು ಎಳೆದ. ಅದು ಅಲುಗಲಿಲ್ಲ. ಇನ್ನೊಮ್ಮೆ ಎಳೆದ. ಆಮೇಲೆ ತಾಟು ಸರಿಸಿ ಎದ್ದು, ಮತ್ತೆ ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುತ್ತ ಸೈಕಲ್ ಸ್ಟ್ಯಾಂಡು ಒದ್ದ.

"ಎಲ್ಲಿಗ್ರೀ ಈಗ?" ಎಂದಳು ಹಜರತಬಿ.

"ಮನೀಗಿ" ಎಂದ ಸುಭಾನಸಾಬ. "ಸಿಲಿಂಡರ್ ಇಳಿಸ್ಕೊಂಡ ಬರ್ತೇನಿ."