ಉಳವಪ್ಪನವರು ಹಂಚಿಟ್ಟ ಎಮ್ಮೆಗಳು

ಹಿರೇಬೆಂಡಿಗೇರಿಯ ಉಳವಪ್ಪನವರು ಸಂತೆಗೆ ಹೊರಟರೆ ಕಾಲಲ್ಲೊಂದು ಜೋಡು, ಚೀಲದಲ್ಲೊಂದು ಜೋಡು ಚಪ್ಪಲಿ. ದಾರಿಯಲ್ಲಿ ಏನಾಗುವುದೋ ಬಲ್ಲವರಾರು? ಆ ಎರಡನೆಯ ಜೋಡಿನ ಕೀರ್ತಿ ಶಿಗ್ಗಾಂವಿ ದಾಟಿ, ಸವಣೂರು ಹಾಯ್ದು, ಹಾನಗಲ್ಲಿಗೆ ಮುಟ್ಟಿ, ಹಿರೇಕೆರೂರು ಸೇರುವಷ್ಟರಲ್ಲಿ ಮೂರು ಜೋಡಾಗಿತ್ತು. ಪ್ರಳಯವಾದರೆ ಉಳಿಯುವವರು ಇಬ್ಬರೇ ಎಂದು ಜನ ಆಡಿಕೊಳ್ಳುತ್ತಿದ್ದರು: ಆಲದೆಲೆಯ ಮೇಲೆ ಮಲಗುವ ಆ ಪರಮಾತ್ಮ, ಮತ್ತು ಉಳವಪ್ಪನವರು.

ಇಂಥ ಮಹಾನುಭಾವರು ಗಳಿಕೆಯನ್ನು ಒಂದೇ ಕಡೆ ಇಟ್ಟಾರೆಯೇ? ಬಂಗಾರಕ್ಕೆ ಸರಕಾರದ ಕಣ್ಣು (ಹದಿನಾಲ್ಕು ಕ್ಯಾರೆಟ್ಟಿನ ಕಾಯಿದೆ ಆಗಷ್ಟೇ ಬಂದಿತ್ತು), ಕಾಳಿಗೆ ಹುಳ, ರೊಕ್ಕಕ್ಕೆ ನೆಂಟರು. ಹುಲ್ಲು ತಿಂದು ಬಡ್ಡಿ ಈಯುವ ಬ್ಯಾಂಕೆಂದರೆ ಎಮ್ಮೆಯೊಂದೇ. ಅವರು ಎಮ್ಮೆಗರುಗಳನ್ನು ಕೊಂಡು ಊರೂರಲ್ಲಿ ಪಾಲಿಗೆ ಸಾಕಲು ಕೊಟ್ಟರು. ಹಾಲು ಸಾಕಿದವರಿಗೆ, ಎಮ್ಮೆಯಲ್ಲಿ ಇಬ್ಬರಿಗೂ ಅರ್ಧರ್ಧ. ಹುಲಗೂರಿಗೆ ರೋಗ ಬಂದರೆ ಅಕ್ಕಿಆಲೂರಿನ ಎಮ್ಮೆ ಉಳಿಯಿತು. ಅಲ್ಲಿ ಮೇವು ತೀರಿದರೆ ಸವಣೂರಿನದು. ಹಿರೇಬೆಂಡಿಗೇರಿಯ ಸ್ವಂತ ಕೊಟ್ಟಿಗೆಯಲ್ಲಿ ಮಾತ್ರ ಒಂದೂ ಇಲ್ಲ.

"ನಾಕು ತಾಲೂಕಿನಾಗ ಎಮ್ಮಿ ಅದಾವಂತ, ನಮ್ಮ ಚಾದಾಗ ಹನಿ ಹಾಲಿಲ್ಲ!" ಎಂದು ಹೆಂಡತಿ ಶಿವಬಸವ್ವ ಒಂದು ದಿನ ಸಿಡಿದಳು. "ನಾ ಚರಿಗಿ ಹಿಡ್ಕೊಂಡು ಬಾಜೂ ಮನಿ ಶಾರವ್ವನ ಬಾಗಲಾಗ ಮಜ್ಜಿಗಿಗೆ ಇನ್ನೂ ಎಷ್ಟು ವರ್ಷ ನಿಲ್ಲಬೇಕ್ರಿ?"

"ಮುಂದಿನ ವಿಚಾರ ಮಾಡಬೇಕಲ್ಲ..."

"ಮುಂದಿಂದು ಇರ್ಲಿ. ನಿನ್ನಿ ಆಕಿ ಕೊಟ್ಟ ಮಜ್ಜಿಗ್ಯಾಗ ನನ್ನ ಮಾರಿ ಕಾಣಾಕತ್ತಿತ್ತು!"

ಅವಳು ಅಂದೇ ಗಂಡನನ್ನು ಹುಲಗೂರಿಗೆ ಹೊರಡಿಸಿ, ತಾನೂ ಜೊತೆಗೆ ನಡೆದಳು. ಅಲ್ಲಿ ಗೌಸಸಾಬ ಸಾಕಿದ ಎಮ್ಮೆ ಈದು ಹದಿನೈದು ದಿನವಾಗಿತ್ತು. ಪಾಲು ಮುರಿಯುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ: ಕೊಟ್ಟವನು ಬೆಲೆ ಕಟ್ಟಬೇಕು, ಸಾಕಿದವನು ಆರಿಸಬೇಕು. ಅರ್ಧ ಬೆಲೆ ಕೊಟ್ಟು ಎಮ್ಮೆ ಇಟ್ಟುಕೊಳ್ಳಬಹುದು, ಇಲ್ಲವೇ ಅರ್ಧ ಬೆಲೆ ಪಡೆದು ಎಮ್ಮೆ ಬಿಟ್ಟುಕೊಡಬಹುದು.

ದಾರಿಯುದ್ದಕ್ಕೂ ಶಿವಬಸವ್ವ ಪಾಠ ಹೇಳಿದಳು. "ಮುನ್ನೂರು ಅನ್ರಿ. ಗೌಸಸಾಬನ ಕಡೆ ನೂರೈವತ್ತು ಎಲ್ಲಿಂದ ಬರ್ಬೇಕು? ಎಮ್ಮಿ ನಮಗ ಬಿಡ್ತಾನ. ಅವಗ ಕೊಡೋ ರೊಕ್ಕ ನನ್ನ ಸೆರಗಿನಾಗ ಐತಿ. ಬಿಲ್ವಾರ ಮಾರೇನಿ, ನೆನಪಿರ್ಲಿ!" ಬಂಗಾರದ ಬಳೆಯಿಲ್ಲದ ಬರಿಗೈಯನ್ನು ಗಂಡನ ಮೂಗಿನ ಮುಂದೆ ಆಡಿಸಿ ತೋರಿಸಿದಳು.

ಗೌಸಸಾಬನ ಹೆಂಡತಿ ಶಾಕೀರಾ ಎಮ್ಮೆಯನ್ನು ಅಂಗಳಕ್ಕೆ ತಂದಳು. ಕಾರ್ಮೋಡಕ್ಕೆ ಕೋಡು ಮೂಡಿದಂತಿತ್ತು. ಶಿವಬಸವ್ವನ ಕಣ್ಣು ತುಂಬಿ ಬಂತು. ಉಳವಪ್ಪನವರು ಅಂಗಳದ ಮೂಲೆಯಲ್ಲಿದ್ದ ಚಕ್ಕಡಿಯ ಹಿಂದೆ ನಿಂತು, "ಬೆಲಿ ಕಟ್ಟಾಕ ದೂರದಿಂದ ನೋಡಬೇಕು" ಎಂದು ಗಂಭೀರವಾಗಿ ಸಾರಿದರು. ಎಮ್ಮೆಗೆ ಆ ಶಾಸ್ತ್ರ ತಿಳಿಯದು. ಅದು ಚಕ್ಕಡಿ ಬಳಸಿ ಬಂದು, ಅವರ ಧೋತರದ ಚುಂಗಿಗೆ ಮೂತಿ ಹಚ್ಚಿ ಬುಸ್ ಎಂದಿತು.

"ಅರವತ್ತು!" ಎಂದು ಉಳವಪ್ಪನವರು ಕಿರುಚಿದರು.



"ಗೌಡ್ರ, ಬರೇ ಕೋಡಿಗೆ ಬೆಲಿ ಕಟ್ಟಿದ್ರೇನ್ರಿ?" ಎಂದ ಗೌಸಸಾಬ.

"ಇಡೀ ಎಮ್ಮಿಗೆ! ಅರವತ್ತು! ಹಿಡ್ಕೋ ಅದನ್ನ!"

ಮಾತು ಆರುವ ಮೊದಲೇ ಗೌಸಸಾಬ ಒಳಗೆ ಓಡಿ ಮೂವತ್ತು ರೂಪಾಯಿ ತಂದು ಕೈಗಿಟ್ಟ. ಎಮ್ಮೆ ಅವನದಾಯಿತು. ಶಾಕೀರಾ ಸಂತೋಷದಿಂದ ಎಲ್ಲರಿಗೂ ಚಹ ಕೊಟ್ಟಳು. ಬಟ್ಟಲಿನ ಮೇಲೆ ಬೆರಳುದಪ್ಪ ಕೆನೆ ಕಟ್ಟಿತ್ತು. ಶಿವಬಸವ್ವ ಅದನ್ನು ನೋಡಿದಳೇ ಹೊರತು ಕುಡಿಯಲಿಲ್ಲ.

ಊರ ಹೊರಗೆ ಬಂದದ್ದೇ ತಡ, ಅವಳು ದಾರಿಗಡ್ಡ ನಿಂತಳು. "ಮುನ್ನೂರು ಅಂತ ಗಿಣಿಗೆ ಹೇಳಿದಂಗ ಹೇಳಿದ್ದೆ. ಎಮ್ಮಿನೂ ಹೋತು, ಬಿಲ್ವಾರನೂ ಹೋತು. ಇದರಾಗ ಯಾವ ಮುಂದಾಲೋಚನೆ ಐತಿ? ಧಾರಣಿ ಬೀಳತೈತೇನು? ರೋಗ ಬರತೈತೇನು? ಇವತ್ತ ಹೇಳೇ ಬಿಡ್ರಿ, ಒಂದು ಎಮ್ಮಿನಾರ ಮನಿಗೆ ಯಾಕ ತರಾಂಗಿಲ್ಲ ನೀವು?"

ನಾಲ್ಕು ತಾಲೂಕಿನ ಪಶುಸಂಪತ್ತಿನ ಅಧಿಪತಿ ಹಿಂದೆ ತಿರುಗಿ ನೋಡಿ, ಯಾವುದೂ ಬೆನ್ನು ಹತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ನನಗ ಎಮ್ಮಿ ಅಂದ್ರ ಅಂಜಿಕಿ," ಎಂದರು.